ಡೆನಿಮ್‌ಗೆ ನ್ಯಾನೊ ದ್ರವ ಹಚ್ಚಿದರೆ ಗುಂಡು ತಡೆಯುತ್ತದೆಯೇ?

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕವಿದೆ. ತಮ್ಮ ಸೈನ್ಯದಲ್ಲಿದ್ದಾನೆ. ರಜೆಗೆ ಬಂದಾಗಲೆಲ್ಲ ಗುಂಡುನಿರೋಧಕ ಜಾಕೆಟ್ಟಿನ ಭಾರದ್ದೇ ಮಾತು. ನ್ಯಾನೊ ದ್ರವದಲ್ಲಿ ಅದ್ದಿದ ಬಟ್ಟೆ ಗುಂಡು ತಡೆಯುವ ವಿಡಿಯೊ ನೋಡಿದೆ. ಅದನ್ನು ತರಿಸಿ ಡೆನಿಮ್‌ಗೆ ಹಚ್ಚಿ ಅವನಿಗೊಂದು ಜಾಕೆಟ್ ಹೊಲಿದುಕೊಡಬಹುದೇ?

ಉತ್ತರ: ದಯವಿಟ್ಟು ಬೇಡ. ಹಾಗಂತ ವಿಡಿಯೊ ಪೂರಾ ಸುಳ್ಳೂ ಅಲ್ಲ.

ಬಟ್ಟಲಲ್ಲಿ ಕಾರ್ನ್‌ಫ್ಲೋರ್ ಹಾಕಿ, ಸ್ವಲ್ಪವೇ ನೀರು ಬೆರೆಸಿ ಗಟ್ಟಿಯಾಗಿ ಕಲಸಿ. ಬೆರಳನ್ನು ಮೆಲ್ಲಗೆ ಇಳಿಸಿದರೆ ಮುಳುಗುತ್ತದೆ, ಗುದ್ದಿದರೆ ಕಲ್ಲಿನಂತೆ ಎದುರು ನಿಲ್ಲುತ್ತದೆ. ಆ ದ್ರವದ ಗುಟ್ಟೂ ಇದೇ. ಹಿಟ್ಟಿನ ಜಾಗದಲ್ಲಿ ಸಿಲಿಕಾ ಕಣ (ಸಾಲಾಗಿ ಜೋಡಿಸಿದರೆ ಒಂದು ಕೂದಲಿನ ಅಗಲಕ್ಕೆ ನೂರಕ್ಕೂ ಹೆಚ್ಚು ಹಿಡಿಸುತ್ತವೆ), ನೀರಿನ ಜಾಗದಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ದ್ರವ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು ಅಲ್ಲಿನ ಸೇನಾ ಪ್ರಯೋಗಾಲಯದ ಜೊತೆ ಸೇರಿ ಇದನ್ನು ಕೆವ್ಲಾರ್ ಬಟ್ಟೆಗೆ (ಗುಂಡುನಿರೋಧಕ ಜಾಕೆಟ್ಟುಗಳಲ್ಲಿ ಬಳಸುವ ಬಲವಾದ ಕೃತಕ ನಾರಿನ ಬಟ್ಟೆ) ಕುಡಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಡಿಯೊದವರು ಹೇಳದ ಮಾತು ಇಲ್ಲಿದೆ: ಅಷ್ಟೇ ತೂಕದ ಬರೀ ಕೆವ್ಲಾರ್ ಎಷ್ಟು ತಡೆಯಿತೋ ಇದೂ ಅಷ್ಟೇ ತಡೆಯಿತು. ದಪ್ಪ ಕಡಿಮೆಯಾಯಿತು, ಮೈಗೆ ಬಾಗುವ ಗುಣ ಬಂತು, ಭಾರ ಇಳಿಯಲಿಲ್ಲ. ಅದೂ ಹೊಡೆದದ್ದು ಸೆಕೆಂಡಿಗೆ 244 ಮೀಟರ್ ವೇಗದಲ್ಲಿ. ಎಕೆ-47ರ ಗುಂಡು ಸುಮಾರು 700 ಮೀಟರ್ ವೇಗದಲ್ಲಿ ಬರುತ್ತದೆ.

ಅಂಥ ಗುಂಡನ್ನು ಪುಡಿಮಾಡುವುದು ಎದೆಯ ಮೇಲಿನ ಸೆರಾಮಿಕ್ ಹಲಗೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮತ್ತು ದೆಹಲಿ ಐಐಟಿ 2024ರಲ್ಲಿ ತೋರಿಸಿದ ‘ಅಭೇದ್’ ಜಾಕೆಟ್ಟಿನಲ್ಲೂ ಇರುವುದು ಪಾಲಿಮರ್ ಮತ್ತು ಬೋರಾನ್ ಕಾರ್ಬೈಡ್ ಎಂಬ ಗಟ್ಟಿ ಸೆರಾಮಿಕ್. ಅದರ ಹಗುರ ಮಾದರಿಯೇ 8.2 ಕೆ.ಜಿ. ಡೆನಿಮ್ ಎಷ್ಟೇ ಪದರ ಹೊಲಿದರೂ ಹತ್ತಿಯೇ.

ಹಾಗಾದರೆ ನ್ಯಾನೊ ಎಲ್ಲಿ ನೆರವಾಗುತ್ತದೆ? ದ್ರವ ಕುಡಿದ ಕೆವ್ಲಾರ್ ಮೊಳೆಯಂಥ ಮೊನೆಯ ಇರಿತವನ್ನು ಚೆನ್ನಾಗಿ ತಡೆಯುತ್ತದೆ. ತಾವರೆ ಎಲೆಯಂತೆ ನೀರು ಜಾರಿಸುವ ಲೇಪನಗಳಿವೆ. ಬೆಳ್ಳಿಯ ನ್ಯಾನೊ ಕಣ ಸೇರಿಸಿದ ಕಾಲುಚೀಲ ಬ್ಯಾಕ್ಟೀರಿಯಾ ಕೊಂದು ವಾಸನೆ ತಗ್ಗಿಸುತ್ತದೆ. ದಿನಗಟ್ಟಲೆ ಬೂಟು ಬಿಚ್ಚದವರಿಗೆ ಇದು ಸಣ್ಣ ಸುಖವಲ್ಲ. ಆದರೆ ಜೀನ್ಸ್ ವಾಷಿಂಗ್ ನೋಡಿದ ನಿಮಗೆ ಬಣ್ಣ ಹೇಗೆ ಇಳಿಯುತ್ತದೆಂದು ಹೇಳಬೇಕಿಲ್ಲ. ಬೆಳ್ಳಿಯೂ ಇಳಿಯುತ್ತದೆ. 2008ರ ಒಂದು ಅಧ್ಯಯನದಲ್ಲಿ ಕೆಲವು ಕಾಲುಚೀಲಗಳು ನಾಲ್ಕೇ ಒಗೆತಕ್ಕೆ ಹೆಚ್ಚುಕಡಿಮೆ ಪೂರ್ತಿ ಬೆಳ್ಳಿ ಕಳೆದುಕೊಂಡಿದ್ದವು. ತಮ್ಮನಿಗೆ ಅಂಥವು ಕೊಳ್ಳುವುದಾದರೆ, ಎಷ್ಟು ಒಗೆತಕ್ಕೆ ಬಾಳುತ್ತದೆ ಎಂದು ಮೊದಲು ಕೇಳಿ.