ಕ್ಯಾರವಾನ್ ಎಳೆದುಕೊಂಡು ಘಟ್ಟ ದಾಟುವ ಮುನ್ನ

ಪ್ರಶ್ನೆ: ಹೋಗಬೇಕಾದ ಜಾಗಕ್ಕೆ ಎರಡು ದಾರಿಗಳಿವೆ. ಘಟ್ಟದ ಮೇಲಿನದು 45 ಕಿ.ಮೀ., ಸುತ್ತು ದಾರಿ 110 ಕಿ.ಮೀ. ಗಾಡಿಯ ಎಂಜಿನ್ ಬಲವಾಗಿದೆ, ಹಿಂದೆ 2.5 ಟನ್ ಕ್ಯಾರವಾನ್ (ಗಾಡಿ ಎಳೆದೊಯ್ಯುವ ಮನೆಯಂಥ ಟ್ರೈಲರ್). ಹತ್ತಿರದ ದಾರಿಯಲ್ಲೇ ಹೋಗಬಹುದಲ್ಲವೇ?

ಉತ್ತರ: ಈ ಪ್ರಶ್ನೆ ಕೇಳುವ ಎಲ್ಲರೂ ಎಂಜಿನ್ ಬಲ ತಿಳಿಸುತ್ತಾರೆ. ಇಳಿಜಾರು ಎಷ್ಟು ಉದ್ದ, ಎಷ್ಟು ಕಡಿದು ಎಂದು ಯಾರೂ ಬರೆಯುವುದಿಲ್ಲ. ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ. ಬ್ರೇಕ್ ಸೋತರೆ ನಿಲ್ಲುವುದಿಲ್ಲ. ದಾರಿಯನ್ನು ಇಳಿಜಾರು ನೋಡಿಯೇ ಆರಿಸಬೇಕು.

ಲೆಕ್ಕ ಹಾಕಿ. ಗಾಡಿ, ಕ್ಯಾರವಾನ್ ಸೇರಿ 5 ಟನ್. ಶೇ 6ರ ಇಳಿಜಾರಿನಲ್ಲಿ 10 ಕಿ.ಮೀ. ಬಂದರೆ 600 ಮೀಟರ್ ಕೆಳಗಿಳಿದಿರುತ್ತೀರಿ. ಅಷ್ಟರಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 8 ಯೂನಿಟ್ ವಿದ್ಯುತ್ತಿಗೆ ಸಮ. ಗಾಳಿ, ಟೈರುಗಳ ಎಳೆತ ಸ್ವಲ್ಪ ನುಂಗುತ್ತದೆ. ಉಳಿದದ್ದನ್ನು ಎಂಜಿನ್ ತಡೆಯದಿದ್ದರೆ ಅದೆಲ್ಲ ಬ್ರೇಕಿನಲ್ಲೇ ಶಾಖವಾಗುತ್ತದೆ. ನೀರಿನಂಶ ಹೀರಿಕೊಂಡ ಹಳೆಯ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯಬಹುದು. ಪೈಪಿನೊಳಗೆ ಆವಿ ತುಂಬಿದರೆ ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ.

ಆದ್ದರಿಂದ ಮೊದಲು ದಾರಿಯ ಎತ್ತರದ ನಕ್ಷೆ ತೆಗೆಯಿರಿ, ಒಂದೊಂದೇ ಕಿಲೋಮೀಟರ್ ನೋಡಿ. ಸರಾಸರಿಯನ್ನು ನಂಬಲೇಬೇಡಿ: ಶೇ 5 ಸರಾಸರಿಯ 10 ಕಿ.ಮೀ.ಯಲ್ಲಿ ಶೇ 10ರ ಎರಡು ಕಿ.ಮೀ. ಅಡಗಿರಬಹುದು. ನಿಮ್ಮಂಥ ಭಾರಕ್ಕೆ ನಾನು ಇಟ್ಟುಕೊಂಡಿರುವ ಮಿತಿ ಇದು: ಶೇ 7 ಮೀರಿದ ಇಳಿಜಾರು ಒಂದೇ ಸಮನೆ 3 ಕಿ.ಮೀ. ದಾಟಿದರೆ ಸುತ್ತು ದಾರಿ. ಇದನ್ನು ಪುಕ್ಕಲುತನ ಎನ್ನುವವರಿದ್ದಾರೆ, ಅನ್ನಲಿ. ಎಷ್ಟೋ ಘಟ್ಟಗಳ ಒಂದು ಮಗ್ಗುಲು ಕಡಿದು, ಇನ್ನೊಂದರ ಇಳಿಜಾರು ಕಡಿಮೆ. ಹೋಗಿಬರುವ ದಾರಿಗಳು ಬೇರೆಬೇರೆ ಇದ್ದರೆ ಕಡಿದು ಮಗ್ಗುಲಲ್ಲಿ ಹತ್ತಿ, ಇಳಿಜಾರು ಕಡಿಮೆ ಇರುವ ಮಗ್ಗುಲಲ್ಲಿ ಇಳಿಯುವಂತೆ ಯೋಜಿಸಿ.

ಆಮೇಲೆ ಉಪಗ್ರಹ ಚಿತ್ರದಲ್ಲಿ ಪ್ರತಿ ಹೇರ್‌ಪಿನ್ ತಿರುವನ್ನೂ ದೊಡ್ಡದು ಮಾಡಿ ನೋಡಿ. ಟ್ರೈಲರ್ ಗಾಲಿಗಳು ಮುಂದಿನ ಗಾಡಿಯ ಜಾಡು ಹಿಡಿಯುವುದಿಲ್ಲ, ಒಳಗೆ ಕತ್ತರಿಸಿಕೊಂಡು ಹೋಗುತ್ತವೆ. ರಸ್ತೆಮಟ್ಟದ ಫೋಟೊ ಸಿಕ್ಕರೆ ತಿರುವಿನ ಒಳಬದಿಯ ಅಂಚು ಪರೀಕ್ಷಿಸಿ. ಅಲ್ಲಿ ಟಾರು ಮುರಿದು ಜಲ್ಲಿ ಎದ್ದಿದ್ದರೆ, ತಡೆಗೋಡೆಯ ಬುಡದಲ್ಲಿ ಕಪ್ಪು ಗೀರುಗಳಿದ್ದರೆ, ಉದ್ದ ಗಾಡಿಗಳಿಗೆ ಆ ತಿರುವು ಸಾಲುತ್ತಿಲ್ಲ ಎಂದೇ ಅರ್ಥ. ಏರು ಶುರುವಾಗುವ ಮೊದಲು ಗಾಡಿ ತಿರುಗಿಸಲು ಸಿಗುವ ಕೊನೆಯ ಅಗಲ ಜಾಗವನ್ನು ಗುರುತು ಹಾಕಿಕೊಳ್ಳಿ. ಅದು ಕಾಣದಿದ್ದರೆ ಆ ದಾರಿ ಬೇಡ. ಘಟ್ಟದಲ್ಲಿ ಕ್ಯಾರವಾನ್ ರಿವರ್ಸ್ ತೆಗೆಯುವ ಸಾಹಸಕ್ಕೆ ಇಳಿಯಬೇಡಿ.

ಕಾರಿನ ಮ್ಯಾಪ್ ಆ್ಯಪ್‌ಗೆ ಹಿಂದೆ ಟ್ರೈಲರ್ ಇರುವುದು ಗೊತ್ತಿರುವುದಿಲ್ಲ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಘಟ್ಟದ ಭಾಗಕ್ಕೆ, ಟ್ರೈಲರ್ ಸೇರಿ 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ವಾಹನಗಳಿಗೆ ಪ್ರವೇಶವೇ ಇಲ್ಲ. ಇಂಥ ನಿರ್ಬಂಧಗಳನ್ನು ಆಯಾ ರಸ್ತೆ ನೋಡಿಕೊಳ್ಳುವ ಇಲಾಖೆಯ ಪ್ರಕಟಣೆಯಲ್ಲೇ ನೋಡಬೇಕು.

ಇಷ್ಟೆಲ್ಲ ನೋಡಿಯೂ ಘಟ್ಟವೇ ಸರಿ ಎನಿಸಿದರೆ, ಟ್ರೈಲರ್ ಬ್ರೇಕನ್ನು ಮಟ್ಟಸ ರಸ್ತೆಯಲ್ಲಿ ಪರೀಕ್ಷಿಸಿಯೇ ಹೊರಡಿ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ವೇಗ ನೀವಿಟ್ಟ ಮಿತಿಗೆ ಬಂದಾಗ ಬ್ರೇಕ್ ಗಟ್ಟಿಯಾಗಿ ಒತ್ತಿ, ವೇಗವನ್ನು ಗಂಟೆಗೆ 8–10 ಕಿ.ಮೀ.ಯಷ್ಟು ತಗ್ಗಿಸಿ, ಪೂರ್ತಿ ಬಿಡಿ. ಪೆಡಲ್ ಮೇಲೆ ಕಾಲು ಊರಿಕೊಂಡೇ ಇಳಿಯುವವರ ಬ್ರೇಕ್ ತಣ್ಣಗಾಗಲು ಬಿಡುವೇ ಇರುವುದಿಲ್ಲ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಅಡ್ಡ ಕೊಟ್ಟು, ಅರ್ಧ ಗಂಟೆಯಾದರೂ ಕಾಯಿರಿ. ನೀರು ಸುರಿಯಬೇಡಿ, ಕಾದ ಬ್ರೇಕ್ ಡ್ರಮ್ ಸೀಳಬಹುದು.

ಪ್ರಶ್ನೆ: ನ್ಯೂಟ್ರಲ್‌ನಲ್ಲಿ ಇಳಿದರೆ ಇಂಧನ ಉಳಿಯುತ್ತದಂತೆ?

ಉತ್ತರ: ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಉರಿಸುತ್ತಲೇ ಇರುತ್ತವೆ. ಮೇಲಾಗಿ ಎಂಜಿನ್ನಿನ ತಡೆಯನ್ನು ನೀವೇ ಕಳೆದುಕೊಂಡಿರುತ್ತೀರಿ.

ಪ್ರಶ್ನೆ: ಎತ್ತರದಲ್ಲಿ ಬಲ ಹೆಚ್ಚಿಸಲು ಇಂಧನ ಪೈಪಿಗೆ ಹಾಕುವ ಅಯಸ್ಕಾಂತ ಬರುತ್ತದಲ್ಲ?

ಉತ್ತರ: ಶುದ್ಧ ಮೋಸ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುವುದು ಗಾಳಿ ತೆಳುವಾಗುವುದರಿಂದ. ಅಯಸ್ಕಾಂತ ಗಾಳಿ ತರುವುದಿಲ್ಲ. ಇದನ್ನು ಮಾರುವವರನ್ನು ಅಂಗಡಿಯಿಂದ ಹೊರಗಟ್ಟಬೇಕು.

ಪ್ರಶ್ನೆ: ಹಿಡಿತಕ್ಕಾಗಿ ಟೈರ್ ಗಾಳಿ ಇಳಿಸಬೇಕೇ?

ಉತ್ತರ: ಬೇಡ. ಭಾರ ಹೊತ್ತ ಟೈರಿನ ಪಕ್ಕೆ ಕಾದು ಸಿಡಿಯುತ್ತದೆ.

ಪ್ರಶ್ನೆ: ಸಂಚಾರ ಕಡಿಮೆ ಇರುವ ರಾತ್ರಿಯೇ ಒಳ್ಳೆಯದಲ್ಲವೇ?

ಉತ್ತರ: ಬೆಳಕು ಹರಿದ ಮೇಲೆ ಹೊರಡಿ. ರಾತ್ರಿ ಗಾಡಿ ನಿಲ್ಲಿಸಲು ಅಗಲ ಜಾಗ ಎಲ್ಲಿದೆ ಎಂಬುದು ಅದನ್ನು ದಾಟಿದ ಮೇಲೇ ಕಾಣುತ್ತದೆ, ಹಿಂದಿನ ಗಾಲಿಯಿಂದ ಏಳುವ ಹೊಗೆ ಕನ್ನಡಿಯಲ್ಲಿ ಕಾಣುವುದೇ ಇಲ್ಲ.