ಸೋತ ತಮ್ಮನ ಪರವಾಗಿ ಎರಡು ಮಾತು

ಬಹಾಯಿ ಧರ್ಮದವರು ಕಟ್ಟಿದ ದೆಹಲಿಯ ಕಮಲ ಮಂದಿರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ, ಆ ಧರ್ಮದ ಸ್ಥಾಪಕ ಬಹಾಉಲ್ಲಾರ ಮಲತಮ್ಮ ಸುಬ್ಹ್-ಎ-ಅಜಲ್ ಅವರ ಹೆಸರು ಒಂದೇ ಒಂದು ಸಲ ಬಂದಿತ್ತು. ದಾವಣಗೆರೆಯ ಓದುಗರೊಬ್ಬರಿಗೆ ಅದೂ ಹೆಚ್ಚಾಯಿತು. ‘ಅಣ್ಣನ ಏಳಿಗೆ ಸಹಿಸದ ತಮ್ಮನನ್ನು ನೆನೆಯುವ ಅಗತ್ಯವೇನಿತ್ತು? ನಿಜವಾದ ಉತ್ತರಾಧಿಕಾರಿ ಯಾರೆಂಬುದು ಎಲ್ಲರಿಗೂ ಗೊತ್ತಿದೆ, ಕಾಲವೇ ತೀರ್ಮಾನಿಸಿದೆ’ ಎಂದು ಬರೆದಿದ್ದಾರೆ.

ಮಾನ್ಯರೇ, ನಿಮ್ಮ ಅಕ್ಷರ ಮುತ್ತಿನಂತಿದೆ, ಬಹಾಯಿ ಇತಿಹಾಸವನ್ನು ಶ್ರದ್ಧೆಯಿಂದ ಓದಿದ್ದೀರಿ ಎಂಬುದೂ ಕಾಣುತ್ತದೆ. ಆದರೆ ಗೆದ್ದೆತ್ತಿನ ಬಾಲ ಹಿಡಿಯಲು ಇಷ್ಟು ಅವಸರವೇಕೆ?

ಮೊದಲಿನಿಂದ ಬರೋಣ. ಹನ್ನೆರಡನೆಯ ಇಮಾಮರು ಕಣ್ಮರೆಯಾದದ್ದು ಹಿಜರಿ 260ರಲ್ಲಿ, ಅವರು ಮರಳಿ ಬರುತ್ತಾರೆ ಎಂಬುದು ಶಿಯಾ ನಂಬಿಕೆ. ಅದಕ್ಕೆ ಸರಿಯಾಗಿ ಸಾವಿರ ಚಾಂದ್ರ ವರ್ಷ ತುಂಬಿದ 1844ರಲ್ಲಿ, ಇರಾನಿನ ಶಿರಾಜ್ ಊರಿನ ಇಪ್ಪತ್ತನಾಲ್ಕರ ವ್ಯಾಪಾರಿ ಸಯ್ಯದ್ ಅಲಿ ಮಹಮ್ಮದ್ ತನ್ನನ್ನು ‘ಬಾಬ್’, ಅಂದರೆ ದ್ವಾರ, ಎಂದು ಘೋಷಿಸಿಕೊಂಡರು. ಕೆಲವೇ ವರ್ಷಗಳಲ್ಲಿ ನಿರೀಕ್ಷಿತ ಇಮಾಮನೇ ತಾನೆಂದರು. 1850ರ ಜುಲೈಯಲ್ಲಿ ತಬ್ರೀಜಿನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಎರಡು ವರ್ಷಗಳ ನಂತರ ಕೆಲವು ಬಾಬಿಗಳು, ಅಂದರೆ ಅವರ ಅನುಯಾಯಿಗಳು, ಇರಾನಿನ ದೊರೆ ಷಾ ಮೇಲೆ ಗುಂಡು ಹಾರಿಸಿದ್ದೇ ನೆಪವಾಗಿ ಕೊಲೆಗಳ ಸುರಿಮಳೆಯಾಯಿತು. ಕವಯಿತ್ರಿ ತಾಹಿರಾ ಹತರಾದದ್ದೂ ಆಗಲೇ. ಉಳಿದವರು ಬಾಗ್ದಾದ್ ಸೇರಿದರು.

ಬಾಬ್ ತೀರಿಕೊಳ್ಳುವ ಮೊದಲು ಸಮುದಾಯದ ಹೊಣೆಯನ್ನು ಬರೆದು ಒಪ್ಪಿಸಿದ್ದು ಯಾರಿಗೆ? ಮಿರ್ಜಾ ಯಾಹ್ಯಾ ನೂರಿಗೆ, ಅಂದರೆ ನೀವು ನೆನೆಯಬಾರದೆನ್ನುವ ಅಜಲ್‌ಗೆ. ಆಗ ಅವರು ಇಪ್ಪತ್ತೂ ತುಂಬದ ಹುಡುಗ. ಅದು ನೆಪಮಾತ್ರದ ನೇಮಕ, ಮಲಸಹೋದರ ಬಹಾಉಲ್ಲಾರನ್ನು ಸರ್ಕಾರದ ಕಣ್ಣಿನಿಂದ ಮರೆಮಾಡಲು ಹೂಡಿದ ಉಪಾಯ ಎಂದು ಬಹಾಯಿಗಳು ವಿವರಿಸುತ್ತಾರೆ. ಇರಬಹುದು. ಆದರೆ ನೇಮಕವೇ ನಡೆಯಲಿಲ್ಲ ಎಂದು ಅವರೂ ಹೇಳುವುದಿಲ್ಲ.

ಗಂಟು ಬಿದ್ದಿದ್ದು ಬಾಬ್ ಬರೆದ ‘ಬಯಾನ್’ ಗ್ರಂಥದಲ್ಲೇ. ‘ದೇವರು ಪ್ರಕಟಿಸಲಿರುವವನು’ ಒಬ್ಬನು ಬರುತ್ತಾನೆ ಎಂದು ಅಲ್ಲಿ ಪುಟಪುಟಕ್ಕೂ ಹೇಳಿದ್ದಾರೆ. ಯಾವಾಗ ಎಂಬುದು ದೇವರಿಗೇ ಗೊತ್ತು ಎನ್ನುತ್ತಾರೆ, 1511 ಮತ್ತು 2001 ವರ್ಷಗಳ ಸೂಚನೆಯನ್ನೂ ಕೊಡುತ್ತಾರೆ. ಯಾರ ಮನಸ್ಸನ್ನೂ ನೋಯಿಸಬೇಡಿ, ಆತನೇ ಅವನಾಗಿದ್ದರೆ ಏನು ಗತಿ ಎಂದೂ ಎಚ್ಚರಿಸುತ್ತಾರೆ. ಇಂಥ ಬಾಗಿಲನ್ನು ತೆರೆದಿಟ್ಟು ಹೋದರೆ ಒಳಗೆ ಬರುವವರಿಗೆ ಬರವೇ? 1850ರ ನಂತರ ಒಬ್ಬರಲ್ಲ, ಹಲವರು ‘ಆತನು ನಾನೇ’ ಎಂದರು. ಮುಂದೆ ಬಹಾಯಿ ಇತಿಹಾಸಕಾರರಾಗಿ ಹೆಸರಾದ ನಬೀಲ್ ಕೂಡ ಒಮ್ಮೆ ಹಾಗೆ ಹೇಳಿ ಹಿಂದೆ ಸರಿದವರೇ. 1863ರಲ್ಲಿ ಬಾಗ್ದಾದಿನ ರಿಜ್ವಾನ್ ತೋಟದಲ್ಲಿ ಬಹಾಉಲ್ಲಾ ಆಪ್ತರೆದುರು ಆ ಮಾತನ್ನೇ ಹೇಳಿದರು, ಮುಂದೆ ತುರ್ಕಿಯ ಎಡಿರ್ನೆಯಲ್ಲಿ ಬಹಿರಂಗವಾಗಿ. ಆಗ ಅಜಲ್ ಕೇಳಿದ್ದು ನ್ಯಾಯವಾದ ಪ್ರಶ್ನೆ: ಬಾಬ್ ತಂದ ವಿಧಿಗಳು ಎಲ್ಲಿಯೂ ಜಾರಿಗೆ ಬಂದೇ ಇಲ್ಲ, ಅವನ್ನು ರದ್ದುಮಾಡುವವನು ಇಷ್ಟು ಬೇಗ ಹೇಗೆ ಬಂದ?

ಅಜಲ್ ಸಾಧುವಾಗಿರಲಿಲ್ಲ, ಒಪ್ಪುತ್ತೇನೆ. ‘ಆತನು ನಾನೇ’ ಎಂದಿದ್ದ ದಯ್ಯಾನ್ ಎಂಬವನ ವಿರುದ್ಧ ಅವರು ಉಗ್ರವಾಗಿ ಬರೆದರು, ಆ ಮನುಷ್ಯ ಬಾಗ್ದಾದಿನಲ್ಲಿ ಕೊಲೆಯಾದ. ಎಡಿರ್ನೆಯಲ್ಲಿ ನನಗೆ ವಿಷವಿಕ್ಕಿದ ಎಂದು ಅಣ್ಣ ತಮ್ಮನನ್ನೂ ತಮ್ಮ ಅಣ್ಣನನ್ನೂ ದೂರಿದರು. ಅಪ್ಪಟ ದಾಯಾದಿ ಜಗಳ. ಆದರೆ 1872ರಲ್ಲಿ ಪ್ಯಾಲೆಸ್ತೀನಿನ ಅಕ್ಕಾ ಊರಿನಲ್ಲಿ ಅಜಲ್ ಕಡೆಯ ಮೂವರನ್ನು ಕೊಂದದ್ದು ಬಹಾಯಿಗಳು. ಬಹಾಉಲ್ಲಾ ಅದನ್ನು ಖಂಡಿಸಿದರು, ನಿಜ. ಆದರೂ ಸತ್ತವರ ಹೆಸರು ನಿಮ್ಮ ಪತ್ರದಲ್ಲಿಲ್ಲ.

1868ರಲ್ಲಿ ಒಟ್ಟೊಮನ್ ಸರ್ಕಾರ ಅಣ್ಣನನ್ನು ಅಕ್ಕಾಕ್ಕೂ ತಮ್ಮನನ್ನು ಸೈಪ್ರಸ್ಸಿನ ಫಾಮಗುಸ್ತಾಕ್ಕೂ ಅಟ್ಟಿತು. ಒಬ್ಬರ ಮೇಲೊಬ್ಬರು ಕಣ್ಣಿಡಲೆಂದು ಇವರ ಕಡೆಯ ಕೆಲವರನ್ನು ಅಲ್ಲಿಗೆ, ಅವರ ಕಡೆಯ ಕೆಲವರನ್ನು ಇಲ್ಲಿಗೆ ಸೇರಿಸಿಯೇ ಕಳಿಸಿತು. ಆ ಅಧಿಕಾರಿಯ ತಲೆಯೇ ತಲೆ! 1890ರಲ್ಲಿ ಕೇಂಬ್ರಿಜ್‌ನ ಪರ್ಷಿಯನ್ ಭಾಷಾ ವಿದ್ವಾಂಸ ಎಡ್ವರ್ಡ್ ಬ್ರೌನ್ ಇಬ್ಬರನ್ನೂ ಕಂಡರು. ಬಹಾಉಲ್ಲಾರ ತೇಜಸ್ಸನ್ನು ಅವರು ಬಣ್ಣಿಸಿದ ಭಾಗವನ್ನು ಬಹಾಯಿ ಪುಸ್ತಕಗಳು ತಪ್ಪದೆ ಉದ್ಧರಿಸುತ್ತವೆ. ಅದಕ್ಕೂ ಮೊದಲು ಬ್ರೌನ್ ಫಾಮಗುಸ್ತಾದಲ್ಲಿ ಅಜಲ್ ಎದುರು ದಿನಗಟ್ಟಲೆ ಕುಳಿತು ಕೇಳಿಸಿಕೊಂಡು ಬರೆದುಕೊಂಡದ್ದನ್ನು ಉದ್ಧರಿಸುವವರು ಎಷ್ಟು ಮಂದಿ? 1912ರಲ್ಲಿ ಅಜಲ್ ತೀರಿಕೊಂಡಾಗ ಊರಿನ ಮುಸ್ಲಿಂ ಇಮಾಮರೇ ಅಂತ್ಯಕ್ರಿಯೆ ನಡೆಸಬೇಕಾಯಿತು. ಬಾಬಿ ವಿಧಿಯಂತೆ ನಡೆಸಲು ಹತ್ತಿರದಲ್ಲಿ ಯಾರೂ ಇರಲಿಲ್ಲ.

‘ಕಾಲವೇ ತೀರ್ಮಾನಿಸಿದೆ’ ಎನ್ನುತ್ತೀರಿ. ಗೆದ್ದವರ ಮನೆಯಲ್ಲೂ ಕಾಲ ಸುಮ್ಮನಿರಲಿಲ್ಲವಲ್ಲ. 1892ರಲ್ಲಿ ಬಹಾಉಲ್ಲಾ ತೀರಿಕೊಂಡರು. ಉಯಿಲಿನಲ್ಲಿ ಹಿರಿಯ ಮಗ ಅಬ್ದುಲ್ ಬಹಾ ಮೊದಲು, ಮಹಮ್ಮದ್ ಅಲಿ ಅನಂತರ ಎಂದಿತ್ತು. ಇಬ್ಬರೂ ಮುಖ ತಿರುಗಿಸಿಕೊಂಡರು, ಪೀಠ ಕೊನೆಗೆ ಅಬ್ದುಲ್ ಬಹಾ ಅವರ ಮೊಮ್ಮಗ ಶೋಘಿ ಎಫೆಂದಿಗೆ ಹೋಯಿತು. ಅವರು 1957ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಲ್ಲದೆ, ಉಯಿಲಿಲ್ಲದೆ ತೀರಿಕೊಂಡರು. 1960ರಲ್ಲಿ ಮೇಸನ್ ರೀಮಿ ಎಂಬ ಹಿರಿಯರು ‘ಮುಂದಿನವನು ನಾನು’ ಎಂದರು, ಬಹಿಷ್ಕೃತರಾದರು. 1963ರಲ್ಲಿ ಒಂಬತ್ತು ಮಂದಿಯ ಸಭೆಯನ್ನು ಚುನಾವಣೆಯಿಂದ ಆರಿಸಿ ತಕರಾರಿಗೆ ತೆರೆ ಎಳೆದರು. ಇದು ಜಾಣತನದ ಪರಿಹಾರ, ಮೆಚ್ಚಬೇಕಾದದ್ದೇ.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ನಮ್ಮ ಮಠಗಳ ಪೀಠದ ವ್ಯಾಜ್ಯಗಳನ್ನೇ ನೋಡಿ. ನ್ಯಾಯಾಲಯದಲ್ಲಿರುವವರೆಗೆ ಪತ್ರಿಕೆಗಳು ಎರಡೂ ಕಡೆಯ ಹೇಳಿಕೆ ಹಾಕುತ್ತವೆ, ತೀರ್ಪು ಬಂದ ಮರುವರ್ಷದ ಸ್ಮರಣಸಂಚಿಕೆಯಲ್ಲಿ ಸೋತವರ ಭಾವಚಿತ್ರವೂ ಇರುವುದಿಲ್ಲ. ಧರ್ಮಸಂಸ್ಥಾಪಕರ ಮೇಲೆ ಕನ್ನಡದಲ್ಲಿ ಬರುವ ಬರಹದಲ್ಲಿ ಹೆಚ್ಚಿನದು ಸಂಸ್ಥೆಯೇ ಅಚ್ಚುಹಾಕಿಸಿ ಹಂಚಿದ್ದು. ವಿಮರ್ಶೆಗೆಂದು ನನ್ನ ಮೇಜಿಗೂ ಬರುತ್ತದೆ. ಒಳ್ಳೆಯ ಕಾಗದ, ಬಣ್ಣದ ಚಿತ್ರ, ಆಧಾರಸೂಚಿ ಮಾತ್ರ ಇಲ್ಲ.

ಚಂದಾ ಮುಂದುವರಿಸಬೇಕೇ ಎಂದು ಯೋಚಿಸುತ್ತೇನೆ ಎಂದಿದ್ದೀರಿ. ಅದು ನಿಮಗೆ ಬಿಟ್ಟದ್ದು. ಮತ್ತೆ ಬರೆಯುವುದಾದರೆ ‘ಎಲ್ಲರಿಗೂ ಗೊತ್ತಿದೆ’ ಎಂಬುದನ್ನು ಬಿಟ್ಟು, ಯಾವ ಪುಸ್ತಕದ ಯಾವ ಪುಟ ಎಂದು ತಿಳಿಸಿ. ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.

– ಸಂಪಾದಕ