ಮೊಳೆಗೆ ಸುತ್ತಿಟ್ಟ ಕರೆಗಂಟೆ

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದು ರಾತ್ರಿ ನಿದ್ದೆ ಬರಲ್ಲ ಅಂತ. ವಯಸ್ಸು 52. ಅಮ್ಮನಿಗೆ 81. ಸ್ಟ್ರೋಕ್ ಆಗಿ ಅಮ್ಮನ ಎಡಭಾಗ ಸ್ವಾಧೀನ ತಪ್ಪಿದೆ, ಮಾತು ತೊದಲು. ಏಳು ತಿಂಗಳ ಹಿಂದೆ ವೃದ್ಧಾಶ್ರಮಕ್ಕೆ ಸೇರಿಸಿದ್ದರು. ಅಣ್ಣ ದೂರದಲ್ಲಿದ್ದಾರೆ, ಫೋನಿನಲ್ಲಿ ಮಾತ್ರ ಸಿಗುತ್ತಾರೆ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. "ಅಮ್ಮನ್ನ ಅಲ್ಲಿ ಬಿಟ್ಟುಬಂದೆ ಅನ್ನೋದು ಕೊರೀತಾ ಇದೆ" ಅಂತ ಅವರು ಅತ್ತರು. ನಾನು ಆ ಎಳೆಯನ್ನೇ ಹಿಡಿದು ಕೂತೆ. ಇಂಥ ಮಕ್ಕಳನ್ನು ತುಂಬಾ ನೋಡಿದ್ದೇನಲ್ಲ, ಇದೂ ಅದೇ ಅಂದುಕೊಂಡೆ. ಹೊರಡುವಾಗ, ಬಾಗಿಲ ಹತ್ತಿರ ನಿಂತು, "ಅಮ್ಮ ಈಗೀಗ ಹಗಲೆಲ್ಲ ನಿದ್ದೆ ಮಾಡ್ತಾರೆ. ಹಿಮ್ಮಡಿ ಹತ್ತಿರ ಒಂದು ಥರ ಕೆಂಪಗಿದೆ. ನಾನೇ ಜಾಸ್ತಿ ಯೋಚನೆ ಮಾಡ್ತಿದೀನಿ, ಅಲ್ವಾ ಮೇಡಂ?" ಅಂದರು.

ಮತ್ತೆ ಕೂರಿಸಿದೆ. ಕೊರಗು ಬೇರೆ, ಕಣ್ಣಿಗೆ ಕಂಡದ್ದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಅವರನ್ನು ಕಳಿಸಿಬಿಡುತ್ತಿದ್ದೆ.

ಹಿಮ್ಮಡಿಯ ವಿಷಯಕ್ಕೆ ಮಾತ್ರ ಕಾಯಬೇಡಿ ಅಂದೆ. ಕೆಂಪಾದ ಜಾಗವನ್ನು ಬೆರಳಿಂದ ಮೆಲ್ಲಗೆ ಒತ್ತಿದಾಗ ಬಣ್ಣ ಬಿಳಿಚಿ ಮತ್ತೆ ಬರಬೇಕು. ಒತ್ತಿದರೂ ಹಾಗೇ ಇದ್ದರೆ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಶುರುವಾಗಿದೆ ಅಂತ ಲೆಕ್ಕ. ಕಂದು, ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣಲ್ಲ. ಆಗ ಮುಟ್ಟಿ ನೋಡಬೇಕು, ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ. ಅದನ್ನು ತಿಕ್ಕಬಾರದು. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡಬೇಕು. ನಾಳೆ ಬೆಳಿಗ್ಗೆಯೇ ಸಿಸ್ಟರ್ ಅಥವಾ ಡಾಕ್ಟರ್ ನೋಡಲಿ, ಉಳಿದದ್ದು ಆಮೇಲೆ ಅಂದೆ.

ಉಳಿದದ್ದರಲ್ಲಿ ದೊಡ್ಡದು ಅವರ ಭಯ. "ಕೇಳಿದರೆ ಅಮ್ಮನ ಮೇಲೆ ತೀರಿಸ್ಕೋತಾರೆ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಭಯ ಸುಳ್ಳು ಅಂತ ನಾನು ಹೇಳಲಿಲ್ಲ, ನನಗೇನು ಗೊತ್ತು? ಆದರೆ ದೂರಿನಿಂದ ಶುರು ಮಾಡಬೇಡಿ, ಪ್ರಶ್ನೆಯಿಂದ ಶುರು ಮಾಡಿ ಅಂದೆ. ಅಣ್ಣನಿಗೆ ಕಳಿಸಲು ರಾತ್ರಿ ಹನ್ನೊಂದಕ್ಕೆ ಬರೆದಿಟ್ಟಿದ್ದ ಉದ್ದನೆಯ ಸಿಟ್ಟಿನ ಮೆಸೇಜನ್ನು ನನಗೆ ತೋರಿಸಿದ್ದರು. ಅದರಲ್ಲಿ "ಅವರು ಏನೂ ನೋಡ್ಕೊಳ್ಳಲ್ಲ" ಅಂತಿತ್ತು. ಆ ಸಾಲಿಗೆ ಯಾರೂ ಉತ್ತರ ಕೊಡಲಾರರು. "ನಾಲ್ಕು ಗಂಟೆಗೆ ನೀರಿನ ಲೋಟ ತುಂಬಿತ್ತು, ಆರಕ್ಕೂ ಹಾಗೇ ಇತ್ತು" ಅಂದರೆ ಉತ್ತರ ಕೊಡಲೇಬೇಕು. ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ, ದಿನಾಂಕ, ಹೊತ್ತು, ಕಂಡದ್ದು, ಯಾರು ಏನಂದರು, ಅಷ್ಟೇ ಬರೀರಿ ಅಂದೆ. ಹೋಗುವ ಹೊತ್ತನ್ನೂ ಬದಲಿಸಿ ಅಂದೆ. ಅವರು ಪ್ರತಿ ಸಲ ಬೆಳಿಗ್ಗೆ ಹನ್ನೊಂದಕ್ಕೇ ಹೋಗುತ್ತಿದ್ದರು. ಆ ಹೊತ್ತಿಗೆ ಎಲ್ಲ ಕಡೆಯೂ ಹಾಸಿಗೆ ಚೊಕ್ಕಟವಾಗೇ ಇರುತ್ತೆ.

ಅಮ್ಮನನ್ನು "ಇಲ್ಲಿ ಚೆನ್ನಾಗಿ ನೋಡ್ಕೋತಾರಾ?" ಅಂತ ಕೇಳಿದರೆ ಹೂಂ ಅಂತಾರೆ. ಆಯಾ ಪಕ್ಕದಲ್ಲೇ ನಿಂತಿದ್ದರಂತೂ ಕೇಳೋದೇ ಬೇಡ. ಒಬ್ಬರೇ ಇದ್ದಾಗ, ಬಲಗೈ ಹಿಡಿದು, "ರಾತ್ರಿ ಎಚ್ಚರ ಆದರೆ ಯಾರನ್ನ ಕರೀತೀಯಮ್ಮ?" ಅಂತ ಕೇಳಿ, ಸುಮ್ನೆ ಕಾಯಿರಿ ಅಂದೆ.

ಮುಂದಿನ ವಾರ ಆ ನೋಟ್‌ಬುಕ್ ತಂದರು. ಪ್ರಶ್ನೆ ಕೇಳಿದಾಗ ಅಮ್ಮ ಮಾತಾಡಲಿಲ್ಲವಂತೆ. ಕಣ್ಣೆತ್ತಿ ಗೋಡೆ ನೋಡಿದರಂತೆ. ಅಲ್ಲಿ ಕರೆಗಂಟೆಯ ವೈರು ಮೊಳೆಗೆ ಸುತ್ತಿಕೊಂಡಿತ್ತು, ಮಂಚಕ್ಕಿಂತ ಒಂದು ಮಾರು ಮೇಲೆ. ನೆಲ ಒರೆಸುವಾಗ ಅಡ್ಡ ಬರುತ್ತೆ ಅಂತ ಯಾರೋ ಎತ್ತಿ ಸುತ್ತಿದ್ದಾರೆ, ಇಳಿಸುವುದು ಮರೆತಿದ್ದಾರೆ. ನೀರಿನ ಲೋಟ ಇದ್ದದ್ದು ಎಡಗಡೆ, ಆಡದ ಕೈಯ ಕಡೆ.

ಆಮೇಲೆ ಮೇಲ್ವಿಚಾರಕಿಯ ಜೊತೆ ಕೂತು ಮೂರು ಪ್ರಶ್ನೆ ಕೇಳಿದರು. ರಾತ್ರಿ ಎಷ್ಟು ಜನಕ್ಕೆ ಎಷ್ಟು ಆಯಾ? ಮಗ್ಗುಲು ಬದಲಿಸಿದ್ದನ್ನು ಎಲ್ಲಿ ಬರೀತೀರಿ? ಹೊಸ ಮಾತ್ರೆ ಏನಾದರೂ ಶುರುವಾಗಿದೆಯಾ, ಯಾರು ಬರೆದದ್ದು, ಯಾಕೆ? ಮೂರನೆಯದಕ್ಕೆ ಎಲ್ಲ ಬಿಚ್ಚಿಕೊಂಡಿತು. "ರಾತ್ರಿ ತುಂಬಾ ಕೂಗ್ತಿದ್ರು, ಬೇರೆಯವರಿಗೆ ತೊಂದರೆ ಆಗ್ತಿತ್ತು" ಅಂತ ಐದು ವಾರದಿಂದ ನಿದ್ದೆ ಮಾತ್ರೆ ಕೊಡುತ್ತಿದ್ದರು. ಅಮ್ಮ ಕೂಗುತ್ತಿದ್ದದ್ದು ಗಂಟೆ ಕೈಗೆ ಸಿಗದೆ, ಮೂತ್ರಕ್ಕೆ ಅವಸರವಾಗಿ. ಮಾತ್ರೆಯಿಂದ ಕೂಗು ನಿಂತಿತು. ಜೊತೆಗೆ ಅಲುಗಾಟವೂ ನಿಂತಿತು. ಅಲುಗದ ಹಿಮ್ಮಡಿ ಹಾಸಿಗೆಗೆ ಒತ್ತಿಕೊಂಡೇ ಉಳಿಯಿತು. ವಯಸ್ಸಾದ ದೇಹದಲ್ಲಿ ಇಂಥ ಮಾತ್ರೆಯ ಅಮಲು ಬೇಗ ಇಳಿಯಲ್ಲ, ಹಗಲೆಲ್ಲ ಮಂಪರು. ಮಂಪರಿನಲ್ಲಿ ಯಾರು ನೀರು ಕೇಳುತ್ತಾರೆ? ಮುಪ್ಪಿನಲ್ಲಿ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ನೀರು ಕಡಿಮೆಯಾದರೆ ಬುದ್ಧಿ ಮಂಕಾಗುತ್ತೆ, "ವಯಸ್ಸಾಯ್ತು ಬಿಡಿ" ಅಂದುಬಿಡುತ್ತಾರೆ.

ಇಲ್ಲಿ ಕೆಟ್ಟವರು ಯಾರು ಅಂತ ಹುಡುಕಿದರೆ ನನಗಂತೂ ಯಾರೂ ಸಿಗಲಿಲ್ಲ. ರಾತ್ರಿ 34 ಜನಕ್ಕೆ ಇಬ್ಬರು ಆಯಾ. ಅದು ಮೇಲ್ವಿಚಾರಕಿಯ ಕೈಯಲ್ಲೂ ಇರಲಿಲ್ಲ. ಹಾಗಂತ ಸುಮ್ಮನಿರಿ ಅಂತಲ್ಲ. ಕೇಳಿದ್ದನ್ನೆಲ್ಲ ಬರಹದಲ್ಲೂ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ ಅಂದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ಕೆಲವನ್ನು ದಿಢೀರ್ ಬಿಟ್ಟರೆ ಅಪಾಯ, ಡಾಕ್ಟರ್ ಹೇಳಿದ ಹಾಗೆ ಇಳಿಸಲಿ ಅಂದೆ. ತೂಕದ ಪುಸ್ತಕ ಕೇಳಿ ನೋಡಿ ಅಂತಲೂ ಅಂದೆ. ಒಂದು ತಿಂಗಳಲ್ಲಿ ನೂರಕ್ಕೆ 5 ಭಾಗ, ಆರು ತಿಂಗಳಲ್ಲಿ 10 ಭಾಗ ತೂಕ ಇಳಿದಿದ್ದರೆ ಡಾಕ್ಟರ್ ನೋಡಲೇಬೇಕು.

ಆದರೆ ತೋಳಿನ ಒಳಭಾಗದಲ್ಲಿ ಬೆರಳಿನ ಗುರುತು, ಒಬ್ಬರು ಬಂದಾಗ ಮಾತ್ರ ಮುದುಡಿಕೊಳ್ಳುವುದು, ಮಂಚಕ್ಕೆ ಕಟ್ಟಿಹಾಕಿದ್ದು, ಇದು ಯಾವುದಾದರೂ ಕಂಡಿದ್ದರೆ ನಾನು ನೋಟ್‌ಬುಕ್ ಇಡಿ ಅನ್ನುತ್ತಿರಲಿಲ್ಲ. ಅಮ್ಮನನ್ನು ಅಂದೇ ಹೊರಗಿನ ಡಾಕ್ಟರಿಗೆ ತೋರಿಸಿ, ಪೊಲೀಸರಿಗೆ ಹೇಳಿ ಅನ್ನುತ್ತಿದ್ದೆ.

ಅಣ್ಣನ ಜೊತೆಗಿನ ಮುನಿಸು ಹಾಗೇ ಇದೆ. ಅದಕ್ಕೆ ಇನ್ನೂ ಕೂರಬೇಕು. ಹಿಮ್ಮಡಿ ಒಡೆಯಲಿಲ್ಲ. ಮೂರು ವಾರಕ್ಕೆ ಮಾಮೂಲಾಯಿತು. ಗಂಟೆಯ ವೈರನ್ನು ಬಲಗಡೆಯ ದಿಂಬಿಗೆ ಕ್ಲಿಪ್ ಹಾಕಿ ಸಿಕ್ಕಿಸಿದ್ದಾರೆ.

ಕೊನೆಯ ಸಲ ಬಂದಾಗ ಅವರು ನಗುತ್ತಿದ್ದರು. "ಅಮ್ಮ ಈಗ ಸುಮ್‌ಸುಮ್ನೆ ಗಂಟೆ ಒತ್ತುತ್ತಾರಂತೆ. ಆಯಾ ಬಂದು ಏನು ಬೇಕು ಅಂದರೆ ಏನೂ ಇಲ್ಲ ಅಂತ ಕೈ ಆಡಿಸ್ತಾರಂತೆ. ಬೈಯಲಾ ಮೇಡಂ?"

ಒತ್ತಲಿ ಬಿಡಿ ಅಂದೆ.